ಎರಡು ಕಾಲಂ, ಒಂದೇ ಗಡಿಯಾರ: ಬಹುಆಯಾಮದ ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನು ಹದಗೊಳಿಸುವ ಬಗೆ

ಡೀಸೆಲ್ ಮಾದರಿಯೊಂದನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಯ 30 ಮೀಟರ್ ಉದ್ದದ ಒಳ್ಳೆಯ ಕಾಲಂನಲ್ಲಿ, ಅಂದರೆ ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಒಳಲೇಪದ ಸಪೂರ ಕೊಳವೆಯಲ್ಲಿ, ಓಡಿಸಿ ನೋಡಿ. ನೇರ ಸರಪಳಿಯ ಆಲ್ಕೇನ್‌ಗಳು ಬೇಲಿಯ ಗೂಟಗಳಂತೆ ಸಾಲಾಗಿ ಎದ್ದು ನಿಲ್ಲುತ್ತವೆ. ಅವುಗಳ ಬುಡದಲ್ಲಿ ಮಾತ್ರ ಬೇಸ್‌ಲೈನ್ ದಿಬ್ಬದಂತೆ ಉಬ್ಬಿಕೊಂಡಿರುತ್ತದೆ. ಆ ದಿಬ್ಬವನ್ನು ಗದ್ದಲವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಒಂದರ ಮೇಲೊಂದು ಬಿದ್ದ ನೂರಾರು ಸಂಯುಕ್ತಗಳು ಅಡಗಿರುವುದು ಅಲ್ಲಿಯೇ.

ಕಾಲಂ ಅನ್ನು ಇನ್ನಷ್ಟು ಉದ್ದ ಮಾಡಿದರೆ ಸಾಲದೇ? ಸಾಲದು. ಉದ್ದವನ್ನು ನಾಲ್ಕು ಪಟ್ಟು ಮಾಡಿದರೂ ಬೇರ್ಪಡಿಕೆ ಎರಡು ಪಟ್ಟಷ್ಟೇ ಹೆಚ್ಚುತ್ತದೆ. 1983ರಲ್ಲಿ ಡೇವಿಸ್ ಮತ್ತು ಗಿಡಿಂಗ್ಸ್ ಘಟಕಗಳು ಒಂದರ ಮೇಲೊಂದು ಬೀಳುವ ಸಂಭವನೀಯತೆಯನ್ನು ಲೆಕ್ಕ ಹಾಕಿ ತೋರಿಸಿದರು. 400 ಪೀಕ್‌ಗಳಿಗೆ (ಘಟಕಗಳು ಎಬ್ಬಿಸುವ ಗೂಟಗಳಿಗೆ) ಜಾಗವಿರುವ ಕ್ರೊಮ್ಯಾಟೋಗ್ರಾಂನಲ್ಲಿ, ಅಂದರೆ ಡಿಟೆಕ್ಟರ್ ಬರೆಯುವ ಗೆರೆಯಲ್ಲಿ, 200 ಘಟಕಗಳು ಎಲ್ಲೆಂದರಲ್ಲಿ ಬಿದ್ದರೆ ಒಂಟಿಯಾಗಿ ನಿಲ್ಲುವುದು ಸುಮಾರು 74 ಮಾತ್ರ. ಅರ್ಧ ಜಾಗ ಖಾಲಿಯಿದ್ದರೂ ಮೂರನೇ ಎರಡರಷ್ಟು ಘಟಕಗಳು ಪಕ್ಕದವರೊಂದಿಗೆ ಬೆರೆತೇ ಹೊರಬರುತ್ತವೆ. 1991ರಲ್ಲಿ ಲಿಯು ಮತ್ತು ಫಿಲಿಪ್ಸ್ ಎರಡು ಭಿನ್ನ ಗುಣದ ಕಾಲಂಗಳನ್ನು ಮಾಡ್ಯುಲೇಟರ್ ಎಂಬ ಕೊಂಡಿಯಿಂದ ಜೋಡಿಸಿದಾಗ ಗೆರೆಯ ಜಾಗದಲ್ಲಿ ನಕ್ಷೆ ಬಂತು. ಮೊದಲ ಕಾಲಂನಿಂದ ಬರುವುದೆಲ್ಲವನ್ನೂ ಮಾಡ್ಯುಲೇಟರ್ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತದೆ. ಪ್ರತಿ ತುಣುಕೂ ಚಿಕ್ಕದಾದ ಎರಡನೆಯ ಕಾಲಂನಲ್ಲಿ ಮತ್ತೊಮ್ಮೆ ಬೇರ್ಪಡುತ್ತದೆ.

ಈ ಬರಹ ಅಂಥ ಉಪಕರಣ ಕೈಯಲ್ಲಿದ್ದೂ ಚಿತ್ರ ಚೆನ್ನಾಗಿ ಬರುತ್ತಿಲ್ಲ ಎನ್ನುವವರಿಗಾಗಿ. ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಮಾಡ್ಯುಲೇಟರ್‌ನದ್ದಲ್ಲ. ಎರಡು ಕಾಲಂಗಳನ್ನೂ ಬೇರೆ ಬೇರೆಯಾಗಿ ಹದಗೊಳಿಸಲು ಹೋಗುವುದೇ ತೊಂದರೆ. ಅವೆರಡೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದಿವೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ.

ನಿಮಗೆ ಬೇಕಾಗಿರುವುದು ಪೂರ್ತಿ ನಕ್ಷೆಯೇ?

ಮಿಶ್ರಣದಲ್ಲಿರುವ ಎರಡೋ ಮೂರೋ ಘಟಕಗಳಷ್ಟೇ ನಿಮ್ಮ ಗುರಿಯಾಗಿದ್ದರೆ, ಬರುವುದೆಲ್ಲವನ್ನೂ ಎರಡನೆಯ ಕಾಲಂಗೆ ಕಳಿಸುವ ಈ ಸಮಗ್ರ ಎರಡು ಆಯಾಮದ ವಿಧಾನ ಬೇಕಿಲ್ಲ. 1968ರಷ್ಟು ಹಿಂದೆಯೇ ಡೀನ್ಸ್ ವಿವರಿಸಿದ ಒತ್ತಡದ ಸ್ವಿಚ್ ಸಾಕು. ಮೊದಲ ಕಾಲಂನಿಂದ ಬೇಕಾದ ಸಮಯದ ಕಿಟಕಿಯಷ್ಟನ್ನೇ ಕತ್ತರಿಸಿ ಎರಡನೆಯ ಕಾಲಂಗೆ ದಾಟಿಸುವ ಈ ವಿಧಾನಕ್ಕೆ ಹಾರ್ಟ್ ಕಟ್ ಎನ್ನುತ್ತಾರೆ. ಇಲ್ಲಿ ಎರಡನೆಯ ಕಾಲಂ ಕೂಡ 30 ಮೀಟರ್ ಇರಬಹುದು, ಏಕೆಂದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸುವ ಒತ್ತಡ ಅದರ ಮೇಲಿಲ್ಲ. ಆ ಕೆಲವು ಘಟಕಗಳ ಮಟ್ಟಿಗೆ ಇದು ಸಮಗ್ರ ವಿಧಾನಕ್ಕಿಂತ ಚೊಕ್ಕವಾದ ಬೇರ್ಪಡಿಕೆ ಕೊಡುತ್ತದೆ. ಕಿಟಕಿಗಳು ಹೆಚ್ಚಿದಷ್ಟೂ ಒಂದರ ಘಟಕಗಳು ಇನ್ನೊಂದರ ಘಟಕಗಳೊಂದಿಗೆ ಎರಡನೆಯ ಕಾಲಂನಲ್ಲಿ ಮತ್ತೆ ಬೆರೆಯುತ್ತವೆ ಎಂಬುದು ಮಾತ್ರ ನೆನಪಿರಲಿ. ಮಾದರಿಯಲ್ಲಿ ಏನಿದೆ ಎಂಬುದೇ ಗೊತ್ತಿಲ್ಲದಾಗ, ಅಥವಾ ರಾಸಾಯನಿಕ ವರ್ಗಗಳ ಪ್ರಮಾಣ ಬೇಕಾದಾಗ ಮುಂದಿನದನ್ನು ಓದಿ.

ಮೊದಲ ಕಾಲಂನ ಪೀಕ್ ಅಳೆಯುವುದು

ಮಾಡ್ಯುಲೇಟರ್ ನಿಲ್ಲಿಸಿ. ತಂಪು ಜೆಟ್‌ಗಳನ್ನು ಬಂದ್ ಮಾಡಿ, ಎರಡೂ ಕಾಲಂಗಳು ಜೋಡಣೆಯಲ್ಲಿರುವಂತೆಯೇ ಮಾದರಿಯನ್ನು ಓಡಿಸಿ. ಓಟದ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಒಂಟಿಯಾಗಿರುವ ಒಂದೊಂದು ಪೀಕ್ ಆರಿಸಿಕೊಂಡು ಅರ್ಧ ಎತ್ತರದ ಅಗಲವನ್ನು ಸೆಕೆಂಡುಗಳಲ್ಲಿ ಅಳೆಯಿರಿ. ಅದನ್ನು 1.7ರಿಂದ ಗುಣಿಸಿದರೆ ಬುಡದ ಅಗಲ ಸಿಗುತ್ತದೆ.

ಅರ್ಧ ಎತ್ತರದಲ್ಲಿ 7 ಸೆಕೆಂಡು ಬಂತು ಎಂದುಕೊಳ್ಳಿ. ಬುಡದಲ್ಲಿ ಸುಮಾರು 12 ಸೆಕೆಂಡು ಆಯಿತು. ಪ್ರಮಾಣ ನಿರ್ಣಯ ನಂಬುವಂತಿರಬೇಕಾದರೆ ಈ ಅಗಲದಲ್ಲಿ ಕನಿಷ್ಠ ಮೂರು ತುಣುಕುಗಳು ಬೀಳಬೇಕು. ಹಾಗಾಗಿ ಮಾಡ್ಯುಲೇಶನ್ ಅವಧಿ, ಅಂದರೆ ಒಂದು ತುಣುಕಿನ ಸಮಯ, 4 ಸೆಕೆಂಡು. ಘಟಕ ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ ಒಂದೂವರೆ ತುಣುಕಿನ ಲೆಕ್ಕದಲ್ಲಿ 8 ಸೆಕೆಂಡಿನವರೆಗೂ ಹೋಗಬಹುದು. ಆದರೆ ಮೊದಲ ಕಾಲಂ ಕಷ್ಟಪಟ್ಟು ಬೇರ್ಪಡಿಸಿದ್ದನ್ನು ಮಾಡ್ಯುಲೇಟರ್ ಅಲ್ಲಿಯೇ ಮತ್ತೆ ಕಲಸಿಬಿಡುತ್ತದೆ.

ಮಾಡ್ಯುಲೇಶನ್ ಅವಧಿ ನಾವು ಇಷ್ಟಪಟ್ಟು ಆರಿಸುವ ಸಂಖ್ಯೆಯಲ್ಲ, ಮೊದಲ ಕಾಲಂ ಕೊಡುವ ಸಂಖ್ಯೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಎರಡನೆಯ ಕಾಲಂಗೆ 6 ಸೆಕೆಂಡು ಬೇಕೇಬೇಕು ಎನಿಸಿದರೆ ಮೊದಲು ಹಾಸಿಗೆಯನ್ನು ಅಗಲ ಮಾಡಬೇಕು, ಅಂದರೆ ಮೊದಲ ಕಾಲಂನ ಪೀಕ್ 18 ಸೆಕೆಂಡು ಅಗಲವಾಗಬೇಕು. ಅದಕ್ಕೆ ಸುಲಭದ ದಾರಿ ಕಾಲಂ ಇರುವ ಓವನ್‌ನ ತಾಪಮಾನದ ಏರಿಕೆಯನ್ನು ನಿಧಾನ ಮಾಡುವುದು. ಒಂದೇ ಕಾಲಂ ಇದ್ದಾಗ ಖಾಲಿ ಅನಿಲ ದಾಟುವಷ್ಟು ಸಮಯದಲ್ಲಿ 10 ಡಿಗ್ರಿ ಏರಿಸುವುದು ರೂಢಿಯ ಲೆಕ್ಕ. 30 ಮೀಟರ್ ಕಾಲಂ, ಸೆಕೆಂಡಿಗೆ 30 ಸೆಂಟಿಮೀಟರ್ ವೇಗ ಎಂದರೆ 100 ಸೆಕೆಂಡು, ಅಂದರೆ ನಿಮಿಷಕ್ಕೆ 6 ಡಿಗ್ರಿ. ಎರಡು ಆಯಾಮದ ಕೆಲಸದಲ್ಲಿ ನಾನು ಸಾಮಾನ್ಯವಾಗಿ 2ರಿಂದ 4 ಡಿಗ್ರಿಗೆ ಇಳಿಯುತ್ತೇನೆ.

ಇಲ್ಲೊಂದು ಹಗ್ಗಜಗ್ಗಾಟವಿದೆ. ಏರಿಕೆ ನಿಧಾನವಾದರೆ ಪ್ರತಿ ಘಟಕವೂ ಕಡಿಮೆ ತಾಪಮಾನದಲ್ಲಿ ಮೊದಲ ಕಾಲಂನಿಂದ ಹೊರಬೀಳುತ್ತದೆ. ಅದೇ ತಾಪಮಾನದಲ್ಲಿ ಎರಡನೆಯ ಕಾಲಂಗೆ ಇಳಿಯುವುದರಿಂದ ಅಲ್ಲಿ ಹೆಚ್ಚು ಹೊತ್ತು ಅಂಟಿಕೊಂಡು ಕೂರುತ್ತದೆ. ಹೆಚ್ಚು ಸಮಯ ಸಿಗಲೆಂದು ಏರಿಕೆ ನಿಧಾನ ಮಾಡಿದರೆ, ಬೇಕಾಗುವ ಸಮಯವೇ ಹೆಚ್ಚಾಗುತ್ತದೆ. ಎರಡನೆಯ ಕಾಲಂಗೆ ಪ್ರತ್ಯೇಕ ಓವನ್ ಇರುವುದು ಇದಕ್ಕಾಗಿಯೇ. ಮುಖ್ಯ ಓವನ್‌ಗಿಂತ 5 ಡಿಗ್ರಿ ಮೇಲಿನಿಂದ ಶುರು ಮಾಡಿ, ಐದೈದೇ ಡಿಗ್ರಿ ಏರಿಸುತ್ತ 20ರವರೆಗೆ ನೋಡಿ. ತಾಪಮಾನ 15ರಿಂದ 20 ಡಿಗ್ರಿ ಏರಿದರೆ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬ ಅಂದಾಜು ಕೈಯಲ್ಲಿರಲಿ.

ಎರಡನೆಯ ಕಾಲಂ ಆರಿಸುವುದು

ಸಾಮಾನ್ಯ ಜೋಡಿ ಹೀಗಿರುತ್ತದೆ: ಮೊದಲನೆಯದು 30 ಮೀಟರ್ ಉದ್ದ, 0.25 ಮಿಲಿಮೀಟರ್ ಒಳವ್ಯಾಸ, 0.25 ಮೈಕ್ರೋಮೀಟರ್ ದಪ್ಪದ ಅಧ್ರುವೀಯ ಲೇಪ. ಎರಡನೆಯದು ಒಂದರಿಂದ ಎರಡು ಮೀಟರ್ ಉದ್ದ, 0.10ರಿಂದ 0.18 ಮಿಲಿಮೀಟರ್ ವ್ಯಾಸ. ಲೇಪ ಅರ್ಧದಷ್ಟು ಫಿನೈಲ್ ಇರುವ ಸಿಲಾಕ್ಸೇನ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್. ಮೊದಲನೆಯದರಲ್ಲಿ ಕುದಿಬಿಂದುವಿನಂತೆ ಸಾಲು, ಎರಡನೆಯದರಲ್ಲಿ ಧ್ರುವೀಯತೆಯಂತೆ ಸಾಲು. ಡೀಸೆಲ್‌ನಂಥ ಮಾದರಿಯಲ್ಲಿ ಆಲ್ಕೇನ್‌ಗಳು ತಳದಲ್ಲಿ, ಒಂದು ಬೆಂಜೀನ್ ಉಂಗುರದವು ಅದರ ಮೇಲೆ, ಎರಡು ಉಂಗುರದವು ಇನ್ನೂ ಮೇಲೆ ಪಟ್ಟಿಗಳಾಗಿ ಹರಡಿಕೊಳ್ಳುತ್ತವೆ. ಒಂದೇ ಸಂಖ್ಯೆಯ ಇಂಗಾಲವಿರುವ ಐಸೋಮರ್‌ಗಳು ಹೆಂಚು ಹೊದಿಸಿದಂತೆ ಓರೆಯಾಗಿ ಜೋಡಣೆಯಾಗುವುದನ್ನು ಮೊದಲ ಸಲ ನೋಡಿದಾಗ ಯಾರಿಗಾದರೂ ಖುಷಿಯಾಗುತ್ತದೆ. ಹೆಸರು ಗೊತ್ತಿಲ್ಲದ ಘಟಕದ ಜಾತಿಯನ್ನು ಅದು ಕೂತ ಜಾಗ ನೋಡಿಯೇ ಊಹಿಸಬಹುದು.

ಧ್ರುವೀಯ ಘಟಕಗಳೇ ತುಂಬಿದ ಮಾದರಿಯಾದರೆ ಜೋಡಿಯನ್ನು ತಿರುಗಿಸಿ, ಧ್ರುವೀಯ ಕಾಲಂ ಮೊದಲು ಇಟ್ಟು ಒಮ್ಮೆ ನೋಡುವುದು ಒಳ್ಳೆಯದು. ಪುಸ್ತಕದಲ್ಲಿ ಹೇಳಿದ ಜೋಡಿಯೇ ಶ್ರೇಷ್ಠವೆಂದು ನಂಬಿ ಕೂರಬೇಡಿ.

ವ್ಯಾಸದ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಘಟಕಗಳನ್ನು ತಂಪಿನಲ್ಲಿ ಹಿಡಿದು ಬಿಸಿಯಲ್ಲಿ ಬಿಡುವ ಥರ್ಮಲ್ ಮಾಡ್ಯುಲೇಟರ್ ಇರುವಲ್ಲಿ ಎರಡೂ ಕಾಲಂಗಳಲ್ಲಿ ಹರಿಯುವುದು ಅದೇ ಅನಿಲ. 0.25 ಮಿಲಿಮೀಟರ್ ಕೊಳವೆಯಿಂದ 0.10ರ ಕೊಳವೆಗೆ ಬಂದಾಗ ಅಡ್ಡಕೊಯ್ತದ ವಿಸ್ತೀರ್ಣ ಆರು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ಕಿರಿದಾದ ಎರಡನೆಯ ಕಾಲಂ ತಡೆ ಒಡ್ಡಿ ಜೋಡಣೆಯ ಒತ್ತಡವನ್ನು ಏರಿಸುತ್ತದೆ, ಮೊದಲ ಕಾಲಂ ತನ್ನ ಒಳ್ಳೆಯ ವೇಗಕ್ಕಿಂತ ಕೆಳಗೆ ತೆವಳುತ್ತದೆ, ಎರಡನೆಯದು ತನ್ನದಕ್ಕಿಂತ ಎಷ್ಟೋ ಮೇಲೆ ಓಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. 0.18ರ ಕೊಳವೆ ಹಾಕಿದರೆ ವ್ಯತ್ಯಾಸ ಎರಡು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಕಾಗದದ ಮೇಲೆ 0.10 ಹೆಚ್ಚು ಚುರುಕು, ಕೆಲಸದಲ್ಲಿ 0.15 ಅಥವಾ 0.18 ಹಾಕಿದವರೇ ಹೆಚ್ಚು ನೆಮ್ಮದಿಯಾಗಿದ್ದಾರೆ.

ನೆಮ್ಮದಿಗೆ ಇನ್ನೊಂದು ಕಾರಣವಿದೆ. ಥರ್ಮಲ್ ಮಾಡ್ಯುಲೇಟರ್ ಪ್ರತಿ ತುಣುಕನ್ನೂ ಹಿಂಡಿ ದಟ್ಟವಾಗಿಸುತ್ತದೆ. ಮೊದಲ ಕಾಲಂನಲ್ಲಿ ಸುಂದರವಾಗಿದ್ದ ಪೀಕ್ ಎರಡನೆಯದರಲ್ಲಿ ಹೊರೆ ಹೆಚ್ಚಾಗಿ ಕೆಡಬಹುದು: ಮುಂಭಾಗ ನಿಧಾನವಾಗಿ ಏರುತ್ತದೆ, ಹಿಂಭಾಗ ಕಡಿದು ಬೀಳುತ್ತದೆ, ತುದಿ ತಡವಾಗಿ ಬರುತ್ತದೆ. ಕಿರಿದಾದ ಕಾಲಂನಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ಓಡಿಸಿ. ಆಕಾರ ಸರಿಯಾದರೆ ಕಾರಣ ಹೊರೆಯೇ.

ಸುತ್ತಿಬಂದ ಪೀಕ್ ಹಿಡಿಯುವುದು

ಒಂದು ತುಣುಕಿನ ಘಟಕ ತನ್ನ ಅವಧಿಯೊಳಗೆ ಹೊರಬರದೆ ಮುಂದಿನ ತುಣುಕಿನ ಪಾಲಿನ ಸಮಯದಲ್ಲಿ ಹೊರಬಂದರೆ ನಕ್ಷೆಯಲ್ಲಿ ತಪ್ಪು ಎತ್ತರದಲ್ಲಿ ಕೂರುತ್ತದೆ. ತಂತ್ರಾಂಶ ಎಚ್ಚರಿಕೆ ಕೊಡುವುದಿಲ್ಲ. ಚುಕ್ಕೆ ಸ್ವಲ್ಪ ಅಗಲವಾಗಿ, ಅಕ್ಕಪಕ್ಕದವುಗಳಿಗಿಂತ ಮಸುಕಾಗಿ ಕಂಡರೆ ಅನುಮಾನಿಸಿ.

ಪರೀಕ್ಷೆ ಸರಳ. ಅವಧಿಯನ್ನು ಬದಲಿಸಿ ಮತ್ತೆ ಓಡಿಸಿ. 2.1 ಸೆಕೆಂಡಿನಲ್ಲಿ ನಿಜವಾಗಿಯೇ ಹೊರಬರುವ ಘಟಕ 4 ಸೆಕೆಂಡಿನ ಅವಧಿಯಲ್ಲೂ 5ರಲ್ಲೂ 6ರಲ್ಲೂ 2.1ರಲ್ಲಿಯೇ ಇರುತ್ತದೆ. 5.3 ಸೆಕೆಂಡು ತೆಗೆದುಕೊಳ್ಳುವ ಘಟಕ 4ರ ಅವಧಿಯಲ್ಲಿ 1.3ರಲ್ಲಿ, 5ರಲ್ಲಿ 0.3ರಲ್ಲಿ ಕಾಣಿಸಿಕೊಂಡು, 6ಕ್ಕೆ ಏರಿಸಿದಾಗ 5.3ಕ್ಕೆ ಹೋಗಿ ಕೂರುತ್ತದೆ. ಎರಡು ಸುತ್ತು ಹಾಕಿ 9.3ರಲ್ಲಿ ಬರುವುದು ಕೂಡ 4ರ ಅವಧಿಯಲ್ಲಿ 1.3ರಲ್ಲಿಯೇ ಇರುತ್ತದೆ, ಆದರೆ 5ರಲ್ಲಿ 4.3ಕ್ಕೆ ಜಿಗಿದು ಗುಟ್ಟು ಬಿಟ್ಟುಕೊಡುತ್ತದೆ.

ಸುತ್ತಿಬರುವುದೆಲ್ಲ ಕೆಟ್ಟದ್ದೇನಲ್ಲ. ಈ ನಕ್ಷೆ ಚಪ್ಪಟೆ ಹಾಳೆಯಲ್ಲ, ಕೊಳವೆಯಾಗಿ ಸುರುಳಿ ಸುತ್ತಿದ ಹಾಳೆ. ಮೇಲಂಚು ಕೆಳಂಚಿಗೆ ಅಂಟಿಕೊಂಡಿರುತ್ತದೆ. ಎರಡನೆಯ ಕಾಲಂ ದಾಟಲು ಖಾಲಿ ಅನಿಲಕ್ಕೇ ಒಂದೂವರೆ ಸೆಕೆಂಡು ಬೇಕಿದ್ದರೆ ಕೆಳಗಿನ ಅಷ್ಟು ಭಾಗ ಹೇಗೂ ಖಾಲಿ. ಅಲ್ಲಿಗೆ ಸುತ್ತಿಬಂದ ಪೀಕ್ ಯಾರ ಮೇಲೂ ಬೀಳುವುದಿಲ್ಲ. ತಂತ್ರಾಂಶದಲ್ಲಿ ಹಾಳೆಯನ್ನು ಬೇರೆ ಕಡೆ ಕತ್ತರಿಸಿದರೆ, ಅಂದರೆ ಆರಂಭದ ಗೆರೆಯನ್ನು ಸರಿಸಿದರೆ, ಪೀಕ್ ಸರಿಯಾದ ಜಾಗದಲ್ಲಿ ಕಾಣಿಸುತ್ತದೆ. ಇನ್ನೊಬ್ಬ ಘಟಕದ ಮೇಲೆ ಹೋಗಿ ಕೂತರೆ ಮಾತ್ರ ಎರಡನೆಯ ಓವನ್ ಬಿಸಿ ಮಾಡಿ, ಇಲ್ಲವೇ ಕಾಲಂ ಗಿಡ್ಡ ಮಾಡಿ.

ಮಾಡ್ಯುಲೇಟರ್‌ನ ಹದ

ಎರಡು ಹಂತದ ಥರ್ಮಲ್ ಮಾಡ್ಯುಲೇಟರ್‌ನಲ್ಲಿ 4 ಸೆಕೆಂಡಿನ ಅವಧಿ ಎಂದರೆ 0.6 ಸೆಕೆಂಡು ಬಿಸಿ, 1.4 ಸೆಕೆಂಡು ತಂಪು, ಇದು ಎರಡು ಸಲ. ಬಿಸಿಯ ಹೊಡೆತ ಗಿಡ್ಡವಾದರೆ ಭಾರವಾದ ಘಟಕಗಳು ಪೂರ್ತಿ ಬಿಡುಗಡೆಯಾಗದೆ ಬಾಲ ಎಳೆಯುತ್ತವೆ. ಉದ್ದವಾದರೆ ಕೊಳವೆ ಮತ್ತೆ ತಣ್ಣಗಾಗುವ ಮೊದಲೇ ಹಗುರವಾದವು ಸೋರಿ ಹೋಗುತ್ತವೆ. ಆದ್ದರಿಂದ ಓಟದ ಉದ್ದಕ್ಕೂ ಒಂದೇ ಸಂಖ್ಯೆ ಇಡಬೇಡಿ. ಕೊನೆಯ ಭಾಗದಲ್ಲಿ ಒಂದು ಸೆಕೆಂಡು ಬಿಸಿ, ಒಂದು ಸೆಕೆಂಡು ತಂಪು ಎಂದು ಬದಲಿಸಿ ನೋಡಿ. ತಂಪಿಗೆ ದ್ರವ ಸಾರಜನಕವಿದ್ದರೆ ಬಹಳ ಹಗುರವಾದ ಘಟಕಗಳೂ ಸಿಕ್ಕಿಬೀಳುತ್ತವೆ. ಇಂಗಾಲದ ಡೈಆಕ್ಸೈಡ್ ಅಷ್ಟು ಕೆಳಗೆ ಹಿಡಿಯಲಾರದು.

ಅನಿಲದ ಹರಿವಿನಿಂದಲೇ ತುಣುಕು ಮಾಡುವ ಹರಿವಿನ ಮಾಡ್ಯುಲೇಟರ್‌ಗೆ ತಂಪಿನ ಗೊಡವೆಯೇ ಇಲ್ಲ. ಹಗುರವಾದದ್ದೂ ಭಾರವಾದದ್ದೂ ಅದಕ್ಕೆ ಒಂದೇ. ಅಲ್ಲಿ ಲೆಕ್ಕ ಬೇರೆ. ಮೊದಲ ಕಾಲಂನಿಂದ ನಿಮಿಷಕ್ಕೆ 0.5 ಮಿಲಿಲೀಟರ್ ಬರುತ್ತಿದ್ದು ಅವಧಿ 2 ಸೆಕೆಂಡು ಇದ್ದರೆ ಸಂಗ್ರಹದ ಲೂಪ್‌ಗೆ ಸುಮಾರು 17 ಮೈಕ್ರೋಲೀಟರ್ ಬೀಳುತ್ತದೆ. ಕೊಳವೆಯ ನಡುವಿನ ಅನಿಲ ಸರಾಸರಿಯ ಎರಡು ಪಟ್ಟು ವೇಗದಲ್ಲಿ ಓಡುವುದರಿಂದ 17ರ ಲೂಪ್ ಸಾಲದು, ಮುಂದಿನ ತುದಿಯಿಂದ ಸೋರುತ್ತದೆ. ಲೂಪ್ 25 ಮೈಕ್ರೋಲೀಟರ್ ಇದ್ದರೆ, ನಿಮಿಷಕ್ಕೆ 20 ಮಿಲಿಲೀಟರ್ ವೇಗದಲ್ಲಿ ಅದನ್ನು ತೊಳೆದು ಖಾಲಿ ಮಾಡಲು 0.075 ಸೆಕೆಂಡು ಬೇಕು, 0.1 ಸೆಕೆಂಡು ಕೊಟ್ಟರೆ ಸಾಕು. ಈ 20 ಮಿಲಿಲೀಟರ್ ಹರಿವು ಮಾಸ್ ಸ್ಪೆಕ್ಟ್ರೋಮೀಟರ್‌ನ ನಿರ್ವಾತಕ್ಕೆ ತಡೆಯಲಾಗದ ಹೊರೆ. ಹರಿವನ್ನು ಒಡೆದು ಸ್ವಲ್ಪ ಪಾಲನ್ನಷ್ಟೇ ಅದಕ್ಕೆ ಕೊಡಬೇಕಾಗುತ್ತದೆ. ಆಗ ಸೂಕ್ಷ್ಮತೆಯೂ ಅಷ್ಟೇ ಕಡಿಮೆಯಾಗುತ್ತದೆ.

ಬಾಲ ಎಲ್ಲಿಂದ ಬಂತು?

ಒಮ್ಮೆ ನನ್ನ ನಕ್ಷೆಯ ಪ್ರತಿ ಚುಕ್ಕೆಗೂ ಎರಡನೆಯ ಆಯಾಮದಲ್ಲಿ ಧೂಮಕೇತುವಿನಂತೆ ಬಾಲ ಬೆಳೆಯಿತು. ಬಿಸಿಯ ಹೊಡೆತ ಬದಲಿಸಿದೆ, ಓವನ್ ಏರಿಸಿದೆ, ಹರಿವು ಬದಲಿಸಿದೆ. ಒಂದು ವಾರ ಹೋಯಿತು. ಕೊನೆಗೆ ಎರಡು ಕಾಲಂಗಳ ಜೋಡಣೆಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ, ಎರಡನೆಯ ಕಾಲಂನ ತುದಿ ನೇರವಾಗಿ ಕತ್ತರಿಸಿರಲಿಲ್ಲ. ಒಂದು ಬದಿಯಲ್ಲಿ ಉಗುರಿನಂತೆ ಚೂರು ಚಾಚಿಕೊಂಡಿತ್ತು, ಒಳಗೆ ಫೆರೂಲ್‌ನ (ಜೋಡಣೆ ಸೋರದಂತೆ ಬಿಗಿಯುವ ಉಂಗುರದ) ಕಪ್ಪು ಪುಡಿ. ಕತ್ತರಿಸಿದ್ದು ನಾನೇ, ಬೇರೆಯವರನ್ನು ಬೈಯುವ ಹಾಗೂ ಇರಲಿಲ್ಲ.

ಬಾಲದ ಬಗ್ಗೆ ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಎಲ್ಲ ಘಟಕಗಳಿಗೂ ಬಾಲವಿದ್ದರೆ ಜೋಡಣೆ ಅಥವಾ ತಂಪಾಗಿ ಉಳಿದ ಜಾಗ. ಭಾರವಾದವುಗಳಿಗೆ ಮಾತ್ರ ಇದ್ದರೆ ಬಿಸಿಯ ಹೊಡೆತ ಅಥವಾ ಡಿಟೆಕ್ಟರ್‌ಗೆ ಹೋಗುವ ದಾರಿಯ ತಾಪಮಾನ. ಆಲ್ಕೊಹಾಲ್, ಆಮ್ಲಗಳಂಥವಕ್ಕೆ ಮಾತ್ರ ಇದ್ದರೆ ಲೈನರ್ (ಇಂಜೆಕ್ಟರ್ ಒಳಗಿನ ಗಾಜಿನ ಕೊಳವೆ) ಅಥವಾ ಕಾಲಂನ ಒಳಮೈ ಕೆಟ್ಟಿದೆ.

ಕತ್ತರಿಸುವಾಗ ಮೊದಲು ನಟ್ ಮತ್ತು ಫೆರೂಲ್ ಅನ್ನು ಕಾಲಂಗೆ ತೂರಿಸಿ, ಆಮೇಲೆ ತುದಿಯಿಂದ ಒಂದೆರಡು ಸೆಂಟಿಮೀಟರ್ ಕತ್ತರಿಸಿ. ಫೆರೂಲ್‌ನಿಂದ ಕೆರೆದು ಬಂದ ಪುಡಿ ಆ ತುಂಡಿನೊಂದಿಗೆ ಹೋಗುತ್ತದೆ. ಕಲ್ಲಿನ ಚೂರಿಯಿಂದ ಒಂದೇ ಸಲ ಹಗುರವಾಗಿ ಗೀರಿ, ಗೀರಿನ ಎದುರು ದಿಕ್ಕಿಗೆ ಬಾಗಿಸಿ ಮುರಿಯಿರಿ. ತುದಿಯನ್ನು ಕೆಳಮುಖವಾಗಿ ಹಿಡಿದರೆ ಚೂರುಗಳು ಒಳಗೆ ಜಾರುವುದಿಲ್ಲ. ಇನ್ನು ಭೂತಗನ್ನಡಿ: ಅಂಚು ವೃತ್ತದಂತೆ ಸಮವಾಗಿ ಕಾಣುವವರೆಗೂ ಜೋಡಿಸಬೇಡಿ.

ಡಿಟೆಕ್ಟರ್‌ನ ವೇಗ

ಎರಡನೆಯ ಕಾಲಂನ ಪೀಕ್ ಬುಡದಲ್ಲಿ 0.1 ಸೆಕೆಂಡು ಅಗಲವಿರಬಹುದು. ಅದರ ಮೇಲೆ ಹತ್ತು ಬಿಂದುಗಳು ಬೀಳಬೇಕಾದರೆ ಸೆಕೆಂಡಿಗೆ 100 ಸಲ ಓದಬೇಕು. ಜ್ವಾಲೆಯ ಅಯಾನೀಕರಣ ಡಿಟೆಕ್ಟರ್‌ಗೂ ಟೈಮ್ ಆಫ್ ಫ್ಲೈಟ್ ಮಾಸ್ ಸ್ಪೆಕ್ಟ್ರೋಮೀಟರ್‌ಗೂ ಇದು ಸುಲಭ. ಸೆಕೆಂಡಿಗೆ 20 ಸ್ಕ್ಯಾನ್ ಮಾಡುವ ಕ್ವಾಡ್ರುಪೋಲ್ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅದೇ ಪೀಕ್ ಮೇಲೆ ಎರಡೇ ಬಿಂದು. ದ್ರವ್ಯರಾಶಿಯ ವ್ಯಾಪ್ತಿ ಕಿರಿದಾಗಿಸಿದರೆ ವೇಗ ಸ್ವಲ್ಪ ಕೂಡುತ್ತದೆ. ಜ್ವಾಲೆಯ ಡಿಟೆಕ್ಟರ್‌ನಲ್ಲಿ ಗದ್ದಲ ತಗ್ಗಿಸುವ ಫಿಲ್ಟರ್ ಯಾವ ವೇಗದಲ್ಲಿದೆ ಎಂಬುದನ್ನೂ ನೋಡಿ. ಅದು ನಿಧಾನವಿದ್ದರೆ 100 ಬಿಂದು ತೆಗೆದುಕೊಂಡರೂ ಪೀಕ್ ಅಗಲವಾಗಿಯೇ ಇರುತ್ತದೆ.

ಅವಧಿಯಲ್ಲಿ ಪೂರ್ಣಸಂಖ್ಯೆಯ ಬಿಂದುಗಳು ಇರಲಿ: ಸೆಕೆಂಡಿಗೆ 100 ಬಿಂದು, 4 ಸೆಕೆಂಡು ಎಂದರೆ 400. ಮಾಡ್ಯುಲೇಟರ್ ಮತ್ತು ಡಿಟೆಕ್ಟರ್ ಒಂದೇ ಕ್ಷಣದಲ್ಲಿ ಶುರುವಾಗಲಿ. ಗಡಿಯಾರಗಳಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಒಂದು ಗಂಟೆಯ ಓಟದಲ್ಲಿ ಇಡೀ ನಕ್ಷೆ ಓರೆಯಾಗುತ್ತದೆ.

ಲೆಕ್ಕ ಮತ್ತು ನಿರ್ವಹಣೆ

ಒಂದು ಘಟಕ ಮೂರು ನಾಲ್ಕು ತುಣುಕುಗಳಾಗಿ ಹರಡಿರುತ್ತದೆ. ಪ್ರಮಾಣಕ್ಕೆ ಎಲ್ಲವನ್ನೂ ಕೂಡಿಸಬೇಕು. ಎತ್ತರದ ಒಂದೇ ತುಣುಕನ್ನು ತೆಗೆದುಕೊಂಡರೆ ಫಲಿತಾಂಶ ಓಟದಿಂದ ಓಟಕ್ಕೆ ತೂಗಾಡುತ್ತದೆ, ಏಕೆಂದರೆ ಪೀಕ್‌ನ ತುದಿ ತುಣುಕಿನ ನಡುವೆ ಬೀಳುತ್ತದೋ ಅಂಚಿನಲ್ಲಿ ಬೀಳುತ್ತದೋ ಎಂಬುದು ಪ್ರತಿ ಸಲ ಒಂದೇ ಇರುವುದಿಲ್ಲ. ತಂತ್ರಾಂಶ ತಾನಾಗಿ ಕೂಡಿಸಿದ್ದನ್ನು ನಾಲ್ಕೈದು ಘಟಕಗಳಿಗಾದರೂ ಕೈಯಿಂದ ತಾಳೆ ನೋಡಿ. ಪಕ್ಕದ ಘಟಕದ ತುಣುಕನ್ನು ಇದಕ್ಕೆ ಸೇರಿಸಿಬಿಡುವುದು ಅದರ ಹಳೆಯ ಚಾಳಿ.

ಪ್ರತಿ ದಿನ ಮಾದರಿಗೆ ಮೊದಲು ಆಲ್ಕೇನ್‌ಗಳ ಸರಣಿ ಮತ್ತು ಮೂರು ನಾಲ್ಕು ಧ್ರುವೀಯ ಘಟಕಗಳಿರುವ ಪರೀಕ್ಷಾ ಮಿಶ್ರಣವನ್ನು ಓಡಿಸಿ, ಎರಡನೆಯ ಆಯಾಮದ ಸಮಯಗಳನ್ನು ಬರೆದಿಡಿ. ಆಲ್ಕೇನ್‌ಗಳೂ ಸೇರಿ ಎಲ್ಲ ಚುಕ್ಕೆಗಳೂ ಒಟ್ಟಿಗೆ ಸರಿದಿದ್ದರೆ ಹರಿವು ಅಥವಾ ಸೋರಿಕೆ ನೋಡಿ. ಆಲ್ಕೇನ್‌ಗಳು ಜಾಗದಲ್ಲಿದ್ದು ಧ್ರುವೀಯವು ಮಾತ್ರ ಕೆಳಗೆ ಬಂದಿದ್ದರೆ ಎರಡನೆಯ ಕಾಲಂನ ಲೇಪ ಸವೆಯುತ್ತಿದೆ.

ಕಾಲಂ ಕೊಳೆಯಾದಾಗ ಕತ್ತರಿಸುವುದಿದ್ದರೆ ಇಂಜೆಕ್ಟರ್ ಕಡೆಯಿಂದ, ಮೊದಲ ಕಾಲಂನಿಂದಲೇ ಕತ್ತರಿಸಿ. 30 ಮೀಟರ್‌ನಲ್ಲಿ 10 ಸೆಂಟಿಮೀಟರ್ ಹೋದರೆ ಶೇಕಡ ಒಂದರ ಮೂರನೇ ಒಂದು ಪಾಲಷ್ಟೇ. ಅದೇ 10 ಸೆಂಟಿಮೀಟರ್ ಒಂದೂವರೆ ಮೀಟರ್‌ನ ಎರಡನೆಯ ಕಾಲಂನಿಂದ ಹೋದರೆ ನೂರಕ್ಕೆ ಏಳರ ಹತ್ತಿರ, ಉಳಿಸಿಟ್ಟುಕೊಂಡ ಟೆಂಪ್ಲೇಟ್‌ಗಳೆಲ್ಲ ಜಾಗ ತಪ್ಪುತ್ತವೆ. ಎರಡನೆಯದನ್ನು ಕತ್ತರಿಸಲೇಬೇಕಾಗಿ ಬಂದರೆ ತೆಗೆದ ತುಂಡನ್ನು ಸ್ಕೇಲಿನಿಂದ ಅಳೆದು, ಉಳಿದ ಉದ್ದವನ್ನು ಉಪಕರಣದ ತಂತ್ರಾಂಶಕ್ಕೆ ಅಂದೇ ತುಂಬಿಸಿ. ಇಲ್ಲವಾದರೆ ಅದು ಹಳೆಯ ಉದ್ದದ ಲೆಕ್ಕದಲ್ಲಿಯೇ ಒತ್ತಡ ಇಡುತ್ತ ಹೋಗುತ್ತದೆ.